ಹಣಕಾಸು ಗಣಿತ ಓದಬೇಕು ಅಂತಿದ್ದೇನೆ, ಮುಂದೆ ಏನು ಕೆಲಸ ಸಿಗುತ್ತದೆ?

ಸಂಖ್ಯಾಪ್ರೇಮಿ:
ಎಲ್ಲರಿಗೂ ನಮಸ್ಕಾರ. ನಾನು ಗಣಿತ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಫೈನಾನ್ಷಿಯಲ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಒಂದು ವರ್ಷದಿಂದ ಯೋಚನೆ ಮಾಡುತ್ತಿದ್ದೇನೆ. ಆದರೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಗೆಳೆಯರು "ಷೇರು ಮಾರ್ಕೆಟ್ ಕಲಿಯೋಕೆ ಅಷ್ಟು ದೊಡ್ಡ ಓದು ಯಾಕೆ" ಅನ್ನುತ್ತಾರೆ. ಒಬ್ಬ ಸೀನಿಯರ್ "ಗಣಿತ ನಿಜವಾಗಿ ಇಷ್ಟ ಇರೋರು ಅಲ್ಲಿಗೆ ಹೋಗಬೇಡಿ, ಬರೀ ಎಕ್ಸೆಲ್ ಕೆಲಸ" ಅಂದರು. ನನಗೆ ಪ್ರಾಬಬಿಲಿಟಿ ಅಂದರೆ ಪ್ರಾಣ, ಪ್ರಮೇಯಗಳ ಸಾಧನೆ (ಪ್ರೂಫ್) ಬರೆಯುವುದು ಇಷ್ಟ, ಕೋಡ್ ಬರೆಯುವುದು ಅಷ್ಟಕ್ಕಷ್ಟೆ. ಟ್ರೇಡಿಂಗ್ ಬಿಟ್ಟು ಬೇರೆ ಕೆಲಸ ಇದೆಯಾ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಹಳೇಕ್ವಾಂಟ್:
ನಾನು ಈ ಓದು ಮುಗಿಸಿ ಹದಿನೈದು ವರ್ಷದ ಮೇಲಾಯಿತು. ಮೊದಲು ಆಪ್ಷನ್‌ಗಳಿಗೆ ಬೆಲೆ ಕಟ್ಟುವ ತಂಡದಲ್ಲಿದ್ದೆ, ಈಗ ಬೇರೆಯವರು ಕಟ್ಟಿದ ಮಾಡೆಲ್‌ಗಳನ್ನು ಪರೀಕ್ಷಿಸುವ ಕೆಲಸ.

ಮೊದಲನೆಯದಾಗಿ, ಇದು ಷೇರು ಮಾರ್ಕೆಟ್ ಕೋರ್ಸ್ ಅಲ್ಲ. ಯಾವ ಷೇರು ಏರುತ್ತದೆ ಅಂತ ಇಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇದು ಗಣಿತದ ಕೋರ್ಸ್. ಏನು ಕಲಿಸುತ್ತಾರೆ ಅಂತ ತಿಳಿಯಬೇಕಾದರೆ ಪಕ್ಕದಲ್ಲಿ ಕಾಗದ ಪೆನ್ನು ಇಟ್ಟುಕೊಳ್ಳಿ.

ಒಂದು ಷೇರಿನ ಬೆಲೆ ಇವತ್ತು 100. ನಾಳೆ 120 ಆಗಬಹುದು, ಇಲ್ಲವೇ 90. ಬೇರೇನೂ ಆಗುವುದಿಲ್ಲ, ಬಡ್ಡಿ ಸೊನ್ನೆ ಅಂತ ಇಟ್ಟುಕೊಳ್ಳೋಣ. ಒಬ್ಬ ಗಿರಾಕಿ ಬಂದು "ನಾಳೆ ಈ ಷೇರನ್ನು 100ಕ್ಕೆ ಕೊಳ್ಳುವ ಹಕ್ಕು ಕೊಡಿ, ಲಾಭ ಇದ್ದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಸುಮ್ಮನಿರುತ್ತೇನೆ" ಅನ್ನುತ್ತಾರೆ. ಇದಕ್ಕೆ ಕಾಲ್ ಆಪ್ಷನ್ ಅಂತ ಹೆಸರು. ಈ ಹಕ್ಕಿಗೆ ನೀವು ಎಷ್ಟು ಕೇಳುತ್ತೀರಿ?

ಹೀಗೆ ಮಾಡಿ. ಷೇರಿನ ಮೂರನೇ ಎರಡು ಭಾಗ ಕೊಳ್ಳಿ, 66.67 ಬೇಕು. ಅದರಲ್ಲಿ 60 ಸಾಲ ತನ್ನಿ, ಉಳಿದ 6.67 ಗಿರಾಕಿಯಿಂದ ತೆಗೆದುಕೊಳ್ಳಿ. ನಾಳೆ ಬೆಲೆ 120 ಆದರೆ ನಿಮ್ಮ ಷೇರಿನ ಭಾಗಕ್ಕೆ 80 ಬರುತ್ತದೆ, ಸಾಲ ತೀರಿಸಿದ ಮೇಲೆ ಉಳಿಯುವುದು 20, ಗಿರಾಕಿಗೆ ಕೊಡಬೇಕಾದ್ದೂ 20. ಬೆಲೆ 90 ಆದರೆ ನಿಮಗೆ ಬರುವುದು 60, ಅದು ಸಾಲಕ್ಕೆ ಸರಿಹೋಯಿತು, ಗಿರಾಕಿಗೆ ಏನೂ ಕೊಡಬೇಕಾಗಿಲ್ಲ. ಎರಡು ಕಡೆಯೂ ಲೆಕ್ಕ ಚುಕ್ತಾ. ಹಾಗಾಗಿ ಆ ಹಕ್ಕಿನ ಬೆಲೆ 6.67. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಅನ್ನುವ ಮೂವರು 1979ರಲ್ಲಿ ಬರೆದ ಬೈನೋಮಿಯಲ್ ಮರದ, ಅಂದರೆ ಪ್ರತಿ ಹೆಜ್ಜೆಗೂ ಬೆಲೆ ಎರಡಾಗಿ ಕವಲೊಡೆಯುವ ಲೆಕ್ಕದ, ಮೊದಲ ಹೆಜ್ಜೆ ಇದೇ. ಒಂದು ಹೆಜ್ಜೆ ಬದಲು ಸಾವಿರ ಹೆಜ್ಜೆ ಇಟ್ಟರೆ ಆಪ್ಷನ್‌ಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರದ ಹತ್ತಿರ ಹತ್ತಿರ ಬರುತ್ತೀರಿ. ಈ ಲೆಕ್ಕ ಓದಿದಾಗ ನಿಮಗೆ ಏನೋ ಖುಷಿ ಆಯಿತಾ? ಆಗಿದ್ದರೆ ಕೋರ್ಸ್ ನಿಮಗೆ ಹಿಡಿಸುತ್ತದೆ.

ಸಂಖ್ಯಾಪ್ರೇಮಿ:
ಸರ್, ಖುಷಿ ಆಯಿತು, ಜೊತೆಗೆ ತಲೆಬಿಸಿಯೂ ಆಯಿತು. ಬೆಲೆ ಏರುವ ಸಂಭವ ಎಷ್ಟು ಅಂತ ನೀವು ಎಲ್ಲೂ ಹೇಳಲೇ ಇಲ್ಲ. ಏರುವ ಸಂಭವ ಶೇ 90 ಅಂತಿದ್ದರೆ ಸರಾಸರಿ 18 ಬರುತ್ತದೆ ಅಲ್ವಾ? ಆಗ 18 ಯಾಕೆ ಕೇಳಬಾರದು?

ಹಳೇಕ್ವಾಂಟ್:
ಕೇಳಿ. ಆದರೆ ಪಕ್ಕದವರು 17ಕ್ಕೆ ಕೊಡುತ್ತಾರೆ, ಅವರ ಪಕ್ಕದವರು 10ಕ್ಕೆ ಕೊಡುತ್ತಾರೆ. ಯಾಕಂದರೆ 6.67 ಇದ್ದರೆ ಸಾಕು, ಯಾವ ಅಪಾಯವೂ ಇಲ್ಲದೆ ಆ ಮಾತು ಉಳಿಸಿಕೊಳ್ಳಬಹುದು ಅಂತ ಅವರಿಗೂ ಗೊತ್ತು. ಅದಕ್ಕಿಂತ ಮೇಲೆ ಸಿಕ್ಕಿದ್ದೆಲ್ಲ ಪುಕ್ಕಟೆ ಹಣ, ಮತ್ತು ಪುಕ್ಕಟೆ ಹಣ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಏರುವ ಸಂಭವದ ಬಗ್ಗೆ ಜನರಿಗಿರುವ ನಂಬಿಕೆಯೆಲ್ಲ ಆ 100 ಅನ್ನುವ ಬೆಲೆಯಲ್ಲೇ ಆಗಲೇ ಸೇರಿಹೋಗಿದೆ.

ನೀವು ಎತ್ತಿದ ಈ ಪ್ರಶ್ನೆಯೇ ಇಡೀ ವಿಷಯವನ್ನು ಎರಡು ಹೋಳು ಮಾಡುತ್ತದೆ. ಒಂದು ಕಡೆ ಬೆಲೆ ಕಟ್ಟುವವರು, ಅವರಿಗೆ ಭವಿಷ್ಯ ಬೇಕಾಗಿಲ್ಲ. ಇನ್ನೊಂದು ಕಡೆ ನಿಜವಾದ ಸಂಭವವನ್ನು ಅಂದಾಜು ಮಾಡುವವರು, ಅಂದರೆ ಫಂಡ್‌ಗಳಲ್ಲಿ ಹೂಡಿಕೆ ಮಾಡುವವರು, ರಿಸ್ಕ್ ಅಳೆಯುವವರು. ಎರಡನೆಯವರ ಕಷ್ಟ ಎಂಥದ್ದು ಅಂತ ಒಂದೇ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಷೇರಿನ ಏರಿಳಿತ ವರ್ಷಕ್ಕೆ ಶೇ 20 ಇದೆ. ಅದರ ಸರಾಸರಿ ಲಾಭ ಎಷ್ಟು ಅಂತ ಹಳೆಯ ಬೆಲೆಗಳಿಂದ ಕಂಡುಹಿಡಿಯಬೇಕು. ಅಂದಾಜಿನ ಸ್ಟ್ಯಾಂಡರ್ಡ್ ಎರರ್, ಅಂದರೆ ಅದು ಸುಮಾರು ಎಷ್ಟು ತಪ್ಪಬಹುದು ಅನ್ನುವ ಅಳತೆ, 20ನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಿದಷ್ಟು. 25 ವರ್ಷದ ದಾಖಲೆ ಇದ್ದರೂ ತಪ್ಪು ಶೇ 4. ಅದನ್ನು ಶೇ 1ಕ್ಕೆ ಇಳಿಸಬೇಕಾದರೆ 400 ವರ್ಷದ ದಾಖಲೆ ಬೇಕು. ಅಷ್ಟು ಹಳೆಯ ಕಂಪನಿಯೇ ಇರುವುದಿಲ್ಲ, ಇದ್ದರೂ ಅದು ಅದೇ ಕಂಪನಿ ಅಲ್ಲ. ಯಾರಾದರೂ ಮೂರು ವರ್ಷದ ಚಾರ್ಟ್ ತೋರಿಸಿ ಅಷ್ಟು ಲಾಭ ಇಷ್ಟು ಲಾಭ ಅಂದಾಗ ನನಗೆ ಈ 400 ನೆನಪಾಗುತ್ತದೆ.

ಲೆಕ್ಕದಮೇಷ್ಟ್ರು:
ನಾನು ಈ ಕೋರ್ಸ್‌ನಲ್ಲಿ ಸ್ಟೋಕಾಸ್ಟಿಕ್ ಕ್ಯಾಲ್ಕುಲಸ್, ಅಂದರೆ ಆಕಸ್ಮಿಕವಾಗಿ ಓಲಾಡುವ ಬೆಲೆಗಳಂಥವುಗಳ ಕ್ಯಾಲ್ಕುಲಸ್, ಪಾಠ ಮಾಡುತ್ತೇನೆ. ಗಣಿತ ಇಷ್ಟ ಇರುವವರು ಹೋಗಬಾರದು ಅಂದ ಸೀನಿಯರ್ ಮಾತು ನನಗೆ ನಿಜಕ್ಕೂ ಬೇಸರ ತಂದಿತು.

ಈ ವಿಷಯ ಹುಟ್ಟಿದ್ದೇ ಒಂದು ಗಣಿತದ ಪ್ರಬಂಧದಲ್ಲಿ. 1900ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಬ್ಯಾಶಲಿಯೆ ತಮ್ಮ ಡಾಕ್ಟರೇಟ್‌ಗೆ ಬೆಲೆಗಳ ಓಲಾಟದ ಬಗ್ಗೆ ಬರೆದರು, ಹೆಸರಾಂತ ಗಣಿತಜ್ಞ ಪ್ವಾಂಕರೆ ಅದನ್ನು ಓದಿ ವರದಿ ಕೊಟ್ಟರು. ನೀರಿನಲ್ಲಿ ಸಣ್ಣ ಕಣಗಳು ಅಡ್ಡಾದಿಡ್ಡಿ ಓಲಾಡುವ ಬ್ರೌನಿಯನ್ ಚಲನೆಯ ಬಗ್ಗೆ ಐನ್‌ಸ್ಟೈನ್ ಬರೆದದ್ದು 1905ರಲ್ಲಿ, ಐದು ವರ್ಷ ಆದ ಮೇಲೆ. ನೀರಿನಲ್ಲಿ ತೇಲುವ ಕಣಕ್ಕೂ ಬಾಂಡ್ ಬೆಲೆಗೂ ಒಂದೇ ಗಣಿತ! ಆಮೇಲೆ ಜಪಾನಿನ ಕಿಯೋಶಿ ಇತೊ 1944ರಲ್ಲಿ, ಯುದ್ಧದ ನಡುವೆ, ಇಂಥ ಓಲಾಡುವ ದಾರಿಗಳ ಮೇಲೆ ಇಂಟಿಗ್ರೇಷನ್ ಮಾಡುವುದು ಹೇಗೆ ಅಂತ ತೋರಿಸಿದರು. ಅವರಿಗೆ ಹಣಕಾಸಿನ ಯೋಚನೆಯೇ ಇರಲಿಲ್ಲ. 1973ರಲ್ಲಿ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್ ಅದೇ ಕ್ಯಾಲ್ಕುಲಸ್ ಬಳಸಿ ಆಪ್ಷನ್ ಬೆಲೆಯ ಸಮೀಕರಣ ಬರೆದರು. ಅದನ್ನು ಸ್ವಲ್ಪ ತಿರುಗಿಸಿ ಬರೆದರೆ ಭೌತಶಾಸ್ತ್ರದ ಶಾಖದ ಸಮೀಕರಣ ಸಿಗುತ್ತದೆ. ನಾನು ಬೋರ್ಡ್ ಮೇಲೆ ಆ ಬದಲಾವಣೆ ಮಾಡಿ ಮುಗಿಸಿದಾಗ ಕ್ಲಾಸಿನಲ್ಲಿ ಪ್ರತಿ ವರ್ಷ ಒಂದಿಬ್ಬರಾದರೂ ಪೆನ್ನು ಕೆಳಗಿಟ್ಟು ಸುಮ್ಮನೆ ನೋಡುತ್ತಾರೆ. ಆ ಕ್ಷಣಕ್ಕೋಸ್ಕರ ನಾನು ಕಾಯುತ್ತೇನೆ.

ಇತೊ ಕ್ಯಾಲ್ಕುಲಸ್ ಯಾಕೆ ಬೇರೆ ಅಂತ ಒಂದು ಮಾತು. ಮಾಮೂಲಿ ಕ್ಯಾಲ್ಕುಲಸ್‌ನಲ್ಲಿ ಸಣ್ಣ ಹೆಜ್ಜೆಯ ವರ್ಗ ಇನ್ನೂ ಸಣ್ಣದು, ಅದನ್ನು ಬಿಟ್ಟುಬಿಡುತ್ತೇವೆ. ಬ್ರೌನಿಯನ್ ದಾರಿ ಎಷ್ಟು ಒರಟು ಅಂದರೆ, ಆ ಸಣ್ಣ ಹೆಜ್ಜೆಗಳ ವರ್ಗಗಳನ್ನೆಲ್ಲ ಕೂಡಿದರೆ ಸೊನ್ನೆ ಬರುವುದಿಲ್ಲ, ಕಳೆದ ಕಾಲದಷ್ಟೇ ಬರುತ್ತದೆ. ಅದನ್ನು ಬಿಡೋ ಹಾಗಿಲ್ಲ. ಈ ಒಂದು ಪದ ಉಳಿದುಕೊಳ್ಳುವುದರಿಂದಲೇ ಏರಿಳಿತಕ್ಕೂ ಒಂದು ಬೆಲೆ ಇದೆ ಅಂತ ಸೂತ್ರದಲ್ಲಿ ಕಾಣಿಸುತ್ತದೆ.

ಉಳಿದಂತೆ ಮೆಷರ್ ಥಿಯರಿ, ಡಿಫರೆನ್ಷಿಯಲ್ ಸಮೀಕರಣ, ಸಂಖ್ಯಾಶಾಸ್ತ್ರ, ನ್ಯೂಮರಿಕಲ್ ವಿಧಾನ, ಬಡ್ಡಿದರದ ಮಾಡೆಲ್‌ಗಳು ಇರುತ್ತವೆ. ಸೇರುವ ಮೊದಲು ಲೀನಿಯರ್ ಆಲ್ಜೀಬ್ರಾ ಮತ್ತು ಪ್ರಾಬಬಿಲಿಟಿ ಗಟ್ಟಿ ಮಾಡಿಕೊಳ್ಳಿ. ಹಣಕಾಸಿನ ಪದಗಳು ಬಾರದಿದ್ದರೆ ತೊಂದರೆ ಇಲ್ಲ, ಅವನ್ನು ಎರಡು ತಿಂಗಳಲ್ಲಿ ಕಲಿಯಬಹುದು.

ವಿಮೆಲೆಕ್ಕ:
ಟ್ರೇಡಿಂಗ್ ಬಿಟ್ಟು ಬೇರೆ ಕೆಲಸ ಇದೆಯಾ ಅಂತ ಕೇಳಿದಿರಿ. ನಾನು ಆಕ್ಚುಯರಿ. ವಿಮೆ ಮತ್ತು ಪಿಂಚಣಿಯ ಲೆಕ್ಕ ನನ್ನ ಕೆಲಸ. ಈ ಕೆಲಸದ ಬಗ್ಗೆ ಯಾರೂ ದೊಡ್ಡದಾಗಿ ಮಾತಾಡುವುದಿಲ್ಲ, ಆದರೆ ಇದಕ್ಕೆ ಹಳೆಯ ಇತಿಹಾಸ ಇದೆ. ಧೂಮಕೇತುವಿನ ಹ್ಯಾಲಿ ಇದ್ದಾರಲ್ಲ, ಅವರೇ 1693ರಲ್ಲಿ ಬ್ರೆಸ್ಲಾವ್ ಊರಿನ ಹುಟ್ಟು ಸಾವಿನ ದಾಖಲೆ ಇಟ್ಟುಕೊಂಡು ಯಾವ ವಯಸ್ಸಿನವರಿಗೆ ವರ್ಷಾಸನದ (ಬದುಕಿರುವ ತನಕ ಪ್ರತಿ ವರ್ಷ ಸಿಗುವ ಹಣದ) ಬೆಲೆ ಎಷ್ಟು ಅಂತ ಲೆಕ್ಕ ಹಾಕಿದರು.

ನನ್ನ ದಿನದ ಕೆಲಸದ ಒಂದು ತುಣುಕು ಹೇಳುತ್ತೇನೆ. 30 ವರ್ಷ ಆದ ಮೇಲೆ ಒಬ್ಬರಿಗೆ 100 ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದೇವೆ. ಅದಕ್ಕೆ ಇವತ್ತು ಎಷ್ಟು ಎತ್ತಿಡಬೇಕು? ಬಡ್ಡಿ ಶೇ 5 ಅಂದರೆ ಸುಮಾರು 23. ಶೇ 4 ಅಂದರೆ ಸುಮಾರು 31. ಒಂದೇ ಒಂದು ಪರ್ಸೆಂಟ್ ಬದಲಾದರೆ ಎತ್ತಿಡುವ ಹಣ ಮೂರನೇ ಒಂದರಷ್ಟು ಜಾಸ್ತಿ! ಇದರ ಮೇಲೆ ಜನ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ವರ್ಷ ಬದುಕಿದರೆ ಇನ್ನೂ ಬೇಕು. ಆ ಹಣ ನಂಬಿ ಕೆಲಸ ಬಿಟ್ಟ ವಯಸ್ಸಾದವರು ಇದ್ದಾರೆ ಅನ್ನುವುದು ನನ್ನ ತಲೆಯಿಂದ ಯಾವತ್ತೂ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಈ ದಾರಿಯಲ್ಲಿ ಡಿಗ್ರಿ ಒಂದೇ ಸಾಲದು. ಆಕ್ಚುಯರಿ ಸಂಸ್ಥೆಗಳ ಪರೀಕ್ಷೆಗಳು ಒಂದರ ಹಿಂದೆ ಒಂದು ಇರುತ್ತವೆ, ಕೆಲಸ ಮಾಡುತ್ತಲೇ ಬರೆಯಬೇಕು, ಪೂರ್ತಿ ಮುಗಿಸಲು ಬಹಳ ಜನಕ್ಕೆ ಹಲವು ವರ್ಷ ಬೇಕಾಗುತ್ತದೆ. ಕೆಲವು ವಿಶ್ವವಿದ್ಯಾಲಯದ ವಿಷಯಗಳಿಗೆ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಸೇರುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳಿ, ಒಂದೆರಡು ವರ್ಷವೇ ಉಳಿಯಬಹುದು.

ಒಬ್ಬತಂದೆ:
ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗೂ ಇದೇ ಓದಬೇಕು ಅಂತ ಆಸೆ. ಅವಳ ಸಂಬಳದ ಬಗ್ಗೆ ನನಗೆ ಚಿಂತೆ ಇಲ್ಲ. ಆದರೆ 2008ರ ಹಣಕಾಸು ಕುಸಿತಕ್ಕೆ ಈ ಗಣಿತದವರೇ ಕಾರಣ ಅಂತ ಓದಿದ್ದೇನೆ. ಎಷ್ಟೋ ಜನ ಮನೆ ಕಳೆದುಕೊಂಡರು. ಅಂಥ ಕೆಲಸಕ್ಕೆ ಮಗಳನ್ನು ಕಳಿಸಬೇಕಾ ಅಂತ ಮನಸ್ಸಿಗೆ ಕಸಿವಿಸಿ. ಬಲ್ಲವರು ನೇರವಾಗಿ ಹೇಳಿ.

ಹಳೇಕ್ವಾಂಟ್:
ಸರ್, ನೀವು ಕೇಳಿದ್ದು ಈ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ. ನೇರವಾಗಿಯೇ ಹೇಳುತ್ತೇನೆ.

ಗಣಿತದವರ ಪಾಲು ಅದರಲ್ಲಿ ಇತ್ತು. ಸಾವಿರಾರು ಸಾಲಗಳನ್ನು ಒಂದು ಗಂಟು ಕಟ್ಟಿ ಮಾರುವಾಗ, ಅವು ಒಟ್ಟಿಗೆ ಮುಳುಗುವ ಸಂಭವ ಎಷ್ಟು ಅನ್ನುವುದನ್ನು ಅಳೆಯಲು ಗೌಸಿಯನ್ ಕಾಪುಲಾ ಅನ್ನುವ ಮಾಡೆಲ್ ಬಳಸಿದರು. ಡೇವಿಡ್ ಲಿ ಅದನ್ನು ಸಾಲದ ಮಾರುಕಟ್ಟೆಗೆ ತಂದ ಲೇಖನ ಬಂದದ್ದು 2000ದಲ್ಲಿ. ಬಳಕೆಯಲ್ಲಿ ಬಹಳ ಸಲ ಇಡೀ ಗಂಟಿನ ನಂಟನ್ನೆಲ್ಲ ಒಂದೇ ಒಂದು ಸಂಖ್ಯೆಗೆ ಇಳಿಸಿಬಿಡುತ್ತಿದ್ದರು. ಮನೆ ಬೆಲೆ ಏರುತ್ತಿದ್ದ ವರ್ಷಗಳ ದಾಖಲೆಯಿಂದ ತೆಗೆದ ಸಂಖ್ಯೆ, ಮನೆ ಬೆಲೆ ಎಲ್ಲ ಕಡೆ ಒಟ್ಟಿಗೆ ಬಿದ್ದಾಗ ಕೆಲಸಕ್ಕೆ ಬರಲಿಲ್ಲ. ಆ ಮಾಡೆಲ್‌ನ ಮಿತಿ ಗಣಿತ ಬಲ್ಲವರಿಗೆ ಗೊತ್ತಿತ್ತು. ಗೊತ್ತಿದ್ದವರ ಮಾತು ನಿರ್ಧಾರ ಮಾಡುವವರ ತನಕ ಹೋಗಲಿಲ್ಲ, ಕೆಲವು ಕಡೆ ಹೋದರೂ ಯಾರಿಗೂ ಕೇಳಿಸಿಕೊಳ್ಳುವುದು ಬೇಕಿರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1998ರಲ್ಲಿ, ಎಲ್‌ಟಿಸಿಎಂ ಅನ್ನುವ ಫಂಡ್ ಮುಳುಗಿ ಬ್ಯಾಂಕುಗಳೆಲ್ಲ ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಎತ್ತಬೇಕಾಯಿತು. ಶೋಲ್ಸ್, ಮರ್ಟನ್ ಇಬ್ಬರೂ ಅದರಲ್ಲಿ ಪಾಲುದಾರರು. ಅವರಿಗೆ ನೊಬೆಲ್ ಬಂದದ್ದು ಹಿಂದಿನ ವರ್ಷವಷ್ಟೆ.

ಇದೆಲ್ಲ ಆದ ಮೇಲೆ ನನ್ನಂಥವರ ಕೆಲಸ ಬೆಳೆಯಿತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2011ರಲ್ಲಿ ಮಾರ್ಗಸೂಚಿ ತಂದಿತು. ಬ್ಯಾಂಕು ಬಳಸುವ ಮಾಡೆಲ್‌ಗಳನ್ನು, ಅದನ್ನು ಕಟ್ಟಿದವರಲ್ಲದೆ ಬೇರೆಯವರು ಪರೀಕ್ಷಿಸಬೇಕು ಅಂತ. ಇದಕ್ಕೆ ಮಾಡೆಲ್ ವ್ಯಾಲಿಡೇಷನ್ ಅನ್ನುತ್ತಾರೆ. ಈ ಓದು ಮುಗಿಸಿದವರು ಬಹಳ ಜನ ಕೊನೆಗೆ ಬರುವುದು ಇಂಥ ಕೆಲಸಗಳಿಗೇ. ಮಾರುಕಟ್ಟೆ ರಿಸ್ಕ್, ಸಾಲದ ರಿಸ್ಕ್, ಬ್ಯಾಂಕಿನ ಸ್ವಂತ ಹಣ ನೋಡಿಕೊಳ್ಳುವ ಟ್ರೆಷರಿ, ವ್ಯಾಲಿಡೇಷನ್. ಸಿನಿಮಾದಲ್ಲಿ ಬರುವ ಟ್ರೇಡಿಂಗ್ ಕೋಣೆಯ ಸೀಟುಗಳು ಕಡಿಮೆ.

ಪರೀಕ್ಷೆ ಅಂದರೆ ಏನು ಅಂತ ಒಂದು ಉದಾಹರಣೆ. ನಾನು ಹೊಸಬನಾಗಿದ್ದಾಗ ಒಂದು ಸಾಲದ ಮಾಡೆಲ್ ಕೈಗೆ ಬಂತು. ಎಲ್ಲ ಸರಿಯಿತ್ತು, ಬಡ್ಡಿ ಮಾತ್ರ ಒಪ್ಪಂದಕ್ಕೆ ಹೊಂದುತ್ತಿರಲಿಲ್ಲ. ಎರಡು ದಿನ ತಡಕಾಡಿದೆ. ಒಪ್ಪಂದದಲ್ಲಿ ವರ್ಷಕ್ಕೆ 360 ದಿನ ಅಂತ ಲೆಕ್ಕ, ಕೋಡ್‌ನಲ್ಲಿ 365. ನೂರು ಕೋಟಿ ಸಾಲಕ್ಕೆ ಶೇ 6 ಬಡ್ಡಿ ಅಂದರೆ ವರ್ಷಕ್ಕೆ 8 ಲಕ್ಷದ 33 ಸಾವಿರ ವ್ಯತ್ಯಾಸ. ಅಲ್ಲಿ ಇತೊ ಬೇಕಾಗಲಿಲ್ಲ, ಒಪ್ಪಂದವನ್ನು ಸಾಲು ಸಾಲಾಗಿ ಓದುವ ತಾಳ್ಮೆ ಬೇಕಾಯಿತು.

ಎಕ್ಸೆಲ್ ಅಂದರೆ ಕೀಳು ಕೆಲಸ ಅಂದವರಿಗೆ ಇನ್ನೊಂದು. 2012ರಲ್ಲಿ ಜೆಪಿ ಮಾರ್ಗನ್‌ನ ಲಂಡನ್ ಕಚೇರಿಯ ವಹಿವಾಟಿನಲ್ಲಿ 600 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು. ಬ್ಯಾಂಕೇ ಆಮೇಲೆ ಹೊರತಂದ ವರದಿಯಲ್ಲಿ ಒಂದು ಸಂಗತಿ ಇದೆ. ರಿಸ್ಕ್ ಅಳೆಯುವ ಎಕ್ಸೆಲ್ ಹಾಳೆಯಲ್ಲಿ ಎರಡು ಸಂಖ್ಯೆಗಳ ಸರಾಸರಿಯಿಂದ ಭಾಗಿಸುವ ಕಡೆ ಮೊತ್ತದಿಂದ ಭಾಗಿಸಿದ್ದರು. ಏರಿಳಿತ ಅರ್ಧದಷ್ಟೇ ಕಾಣಿಸಿತು. ನಷ್ಟಕ್ಕೆ ಕಾರಣಗಳು ಬೇರೆಯೂ ಇದ್ದವು, ಆದರೆ ಅಪಾಯ ಚಿಕ್ಕದಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ.

ನಿಮ್ಮ ಮಗಳಿಗೆ ಈ ಕಸಿವಿಸಿ ಇದ್ದರೆ ಒಳ್ಳೆಯದೇ ಸರ್. ಒಂದು ಸಂಖ್ಯೆ ಎಲ್ಲರಿಗೂ ಬೇಕಾಗಿರುವ ಹೊತ್ತಿನಲ್ಲಿ "ಈ ಸಂಖ್ಯೆಯನ್ನು ನಾನು ಒಪ್ಪುವುದಿಲ್ಲ" ಅಂತ ಬರೆದು ಸಹಿ ಹಾಕುವವರು ಬೇಕು. ನಾನು ಮೂರು ಸಲ ಹಾಗೆ ಮಾಡಿದ್ದೇನೆ. ಮೊದಲ ಸಲ ಕೈ ನಡುಗಿತ್ತು.

ಒಬ್ಬತಂದೆ:
ತುಂಬಾ ಧನ್ಯವಾದ. ಇದನ್ನು ಮಗಳಿಗೆ ಓದಿ ಹೇಳುತ್ತೇನೆ.

ಕೋಡ್‌ಹುಡುಗಿ:
ಕೋಡ್ ಅಷ್ಟಕ್ಕಷ್ಟೆ ಅಂದಿರಿ, ಅದನ್ನು ಈಗಲೇ ಸರಿ ಮಾಡಿಕೊಳ್ಳಿ. ಇದರಲ್ಲಿ ರಿಯಾಯಿತಿ ಇಲ್ಲ. ಪೈಥಾನ್ ಎಲ್ಲ ಕಡೆ ಬೇಕು, ಬೆಲೆ ಕಟ್ಟುವ ತಂಡಗಳಲ್ಲಿ ಸಿ ಪ್ಲಸ್ ಪ್ಲಸ್ ಈಗಲೂ ಇದೆ, ದತ್ತಾಂಶ ತೆಗೆಯಲು ಎಸ್‌ಕ್ಯೂಎಲ್. ಸಾಧನೆ ಬರೆಯುವವರು ಕೋಡ್ ಬೇಗ ಕಲಿಯುತ್ತಾರೆ, ಎರಡರಲ್ಲೂ ಒಂದು ಹೆಜ್ಜೆ ಬಿಟ್ಟರೆ ಮುಂದೆ ಹೋಗಲು ಆಗುವುದಿಲ್ಲ ಅಲ್ವಾ.

ಗಣಿತ ಮತ್ತು ಕೋಡ್ ಹೇಗೆ ಸೇರುತ್ತವೆ ನೋಡಿ. ಮಾಂಟೆ ಕಾರ್ಲೊ ಅಂದರೆ ಷೇರಿನ ದಾರಿಯನ್ನು ಲಕ್ಷ ಸಲ ಕಂಪ್ಯೂಟರಿನಲ್ಲಿ ನಡೆಸಿ ಸರಾಸರಿ ತೆಗೆಯುವುದು. ತಪ್ಪು ಕಡಿಮೆಯಾಗುವುದು ವರ್ಗಮೂಲದ ಲೆಕ್ಕದಲ್ಲಿ. ಉತ್ತರದಲ್ಲಿ ಇನ್ನೊಂದು ಅಂಕಿ ಸರಿಯಾಗಿ ಬೇಕೆಂದರೆ 100 ಪಟ್ಟು ಹೆಚ್ಚು ದಾರಿ ನಡೆಸಬೇಕು. ಒಂದು ನಿಮಿಷದ ಲೆಕ್ಕ 100 ನಿಮಿಷ ಆಯಿತು. ಆಗ ಕೋಡ್ ವೇಗ ಮಾಡುತ್ತಾ ಕೂರುವುದಕ್ಕಿಂತ ಒಂದು ಒಳ್ಳೆಯ ಗಣಿತದ ಉಪಾಯ ಜಾಸ್ತಿ ಉಳಿಸುತ್ತದೆ. ಪ್ರತಿ ದಾರಿಯ ಜೊತೆ ಅದರ ತಲೆಕೆಳಗಾದ ದಾರಿಯನ್ನೂ ನಡೆಸುವುದು ಅಂಥ ಒಂದು ಸುಲಭದ ಉಪಾಯ.

ಸಂದರ್ಶನದಲ್ಲಿ ನನಗೆ ಬಂದ ಪ್ರಶ್ನೆ ಇದು. ನಾಣ್ಯ ಚಿಮ್ಮುತ್ತಾ ಹೋಗಿ. ಹೆಡ್ ಹೆಡ್ ಒಟ್ಟಿಗೆ ಬರಲು ಸರಾಸರಿ ಎಷ್ಟು ಸಲ ಚಿಮ್ಮಬೇಕು? ಹೆಡ್ ಆದಮೇಲೆ ಟೇಲ್ ಬರಲು ಎಷ್ಟು? ಎರಡೂ ಒಂದೇ ಅನ್ನಿಸುತ್ತದೆ. ಅಲ್ಲ. ಮೊದಲನೆಯದು 6, ಎರಡನೆಯದು 4. ಹೆಡ್ ಬಂದ ಮೇಲೆ ನಿಮಗೆ ಟೇಲ್ ಬೇಕಿದ್ದು ಇನ್ನೊಂದು ಹೆಡ್ ಬಂದರೆ ನಿಂತ ಜಾಗದಲ್ಲೇ ಇರುತ್ತೀರಿ, ಹೆಡ್ ಬೇಕಿದ್ದು ಟೇಲ್ ಬಂದರೆ ಮತ್ತೆ ಮೊದಲಿಂದ ಶುರು. ನಾನು ಉತ್ತರಕ್ಕಿಂತ ಮೊದಲು ಈ ಕಾರಣ ಹೇಳಿದೆ, ಅವರಿಗೆ ಅದೇ ಬೇಕಾಗಿತ್ತು ಅನ್ನಿಸುತ್ತದೆ.

ಇನ್ನೊಂದುದಾರಿ:
ಸ್ವಲ್ಪ ಬೇರೆ ಮಾತು ಹೇಳಬೇಕು. ನಾನು ಈ ಕೋರ್ಸ್ ಬಿಟ್ಟು ಸಂಖ್ಯಾಶಾಸ್ತ್ರ ಓದಿದೆ, ಈಗ ಒಂದು ಫಂಡ್‌ನಲ್ಲಿ ಇದ್ದೇನೆ. ಹೂಡಿಕೆ ಸಂಶೋಧನೆಯ ಕಡೆ ಬರುವವರಿಗೆ ಸಂಖ್ಯಾಶಾಸ್ತ್ರ, ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಯಾವುದಾದರೂ ನಡೆಯುತ್ತದೆ. ಕೆಲವು ಕಡೆ ಪಿಎಚ್‌ಡಿ ಇಲ್ಲದಿದ್ದರೆ ಅರ್ಜಿಯನ್ನೇ ನೋಡುವುದಿಲ್ಲ. ರೆನೆಸಾನ್ಸ್ ಅನ್ನುವ ಹೂಡಿಕೆ ಕಂಪನಿ ಕಟ್ಟಿದ ಜಿಮ್ ಸೈಮನ್ಸ್ ಜ್ಯಾಮಿತಿಯ ಪ್ರೊಫೆಸರ್ ಆಗಿದ್ದವರು, ಅವರು ಗಣಿತ, ವಿಜ್ಞಾನದವರನ್ನೇ ಹುಡುಕಿ ಸೇರಿಸಿಕೊಂಡರು. ಹಾಗಾಗಿ ಸಾಲ ಮಾಡಿ ದುಬಾರಿ ಕೋರ್ಸ್ ಸೇರುವ ಮೊದಲು ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅಂತ ನೀವೇ ನಾಲ್ಕೈದು ಜನರನ್ನು ವಿಚಾರಿಸಿ. ಕೋರ್ಸ್‌ನವರು ತೋರಿಸುವ ಒಂದಿಬ್ಬರ ಫೋಟೋ ನಂಬಬೇಡಿ. ಪಾಠದ ಪಟ್ಟಿಯಲ್ಲಿ ನ್ಯೂಮರಿಕಲ್ ವಿಧಾನ ಮತ್ತು ನಿಜವಾದ ದತ್ತಾಂಶದ ಮೇಲೆ ಪ್ರಾಜೆಕ್ಟ್ ಇಲ್ಲದಿದ್ದರೆ ಆ ಕೋರ್ಸ್ ಬೇಡ.

ಲೆಕ್ಕದಮೇಷ್ಟ್ರು:
ಇವರ ಮಾತು ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಆಪ್ಷನ್ ಬೆಲೆ, ಬಡ್ಡಿದರದ ಮಾಡೆಲ್ ಇವುಗಳ ಕಡೆ ಹೋಗುವವರಿಗೆ ಈ ಕೋರ್ಸ್ ಕೊಡುವುದನ್ನು ಬೇರೆ ಕಡೆ ಒಟ್ಟಿಗೆ ಕಲಿಯುವುದು ಕಷ್ಟ.

ಮತ್ತೆ, ಹಳೆಯದು ಅಂತ ಯಾವುದನ್ನೂ ಬಿಟ್ಟು ಓದಬೇಡಿ. ಬ್ಲ್ಯಾಕ್-ಶೋಲ್ಸ್‌ನಲ್ಲಿ ಬೆಲೆ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್ (ಮುಂದೆ ಕೊಳ್ಳುವುದಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಬೆಲೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಬೆಲೆಯ ಲಾಗರಿದಮ್ ಬೇಕು, ಋಣ ಸಂಖ್ಯೆಗೆ ಲಾಗರಿದಮ್ ಎಲ್ಲಿಂದ ತರುತ್ತೀರಿ? ಅದೇ ವಾರ ಸಿಎಂಇ ವಿನಿಮಯ ಕೇಂದ್ರ ತೈಲದ ಆಪ್ಷನ್‌ಗಳಿಗೆ ಬ್ಯಾಶಲಿಯೆ ಮಾಡೆಲ್ ಹಾಕಿತು. 1900ರ ಪ್ರಬಂಧದ ಮಾಡೆಲ್. ಅದರಲ್ಲಿ ಬೆಲೆ ಋಣ ಆಗಬಹುದು, ಅದೇ ಅದರ ದೋಷ ಅಂತ ನಾವು ಎಷ್ಟೋ ವರ್ಷ ಪಾಠ ಮಾಡಿದ್ದೆವು.

ಸಂಖ್ಯಾಪ್ರೇಮಿ:
ಎಲ್ಲರಿಗೂ ಧನ್ಯವಾದ. ಮೂರು ದಿನ ಬೇರೇನೂ ಮಾಡಲಿಲ್ಲ, ಪೈಥಾನ್‌ನಲ್ಲಿ ಬೈನೋಮಿಯಲ್ ಮರ ಬರೆದೆ. ಷೇರು 100, ಆಪ್ಷನ್ 100ಕ್ಕೆ ಕೊಳ್ಳುವುದು, ಏರಿಳಿತ ಶೇ 20, ಒಂದು ವರ್ಷ, ಬಡ್ಡಿ ಸೊನ್ನೆ. ಬ್ಲ್ಯಾಕ್-ಶೋಲ್ಸ್ 7.97 ಅನ್ನುತ್ತದೆ. ನನ್ನ ಮರದಲ್ಲಿ ಒಂದು ಹೆಜ್ಜೆಗೆ 9.97, ಎರಡಕ್ಕೆ 7.06, ಮೂರಕ್ಕೆ 8.64. ಮೇಲೆ ಕೆಳಗೆ ಮೇಲೆ ಕೆಳಗೆ ಹೋಗುತ್ತಿದೆ. ಕೋಡ್ ತಪ್ಪಾ?

ಹಳೇಕ್ವಾಂಟ್:
ತಪ್ಪಿಲ್ಲ. ಸರಿಯಾಗಿ ಬರೆದಿದ್ದೀರಿ. ಹೆಜ್ಜೆ ಸಮ ಸಂಖ್ಯೆ ಆದಾಗ ಕೊನೆಯ ಸಾಲಿನಲ್ಲಿ ಒಂದು ಕೊಂಬೆ ಸರಿಯಾಗಿ 100ರ ಮೇಲೆ ಬಂದು ಕೂರುತ್ತದೆ. ಬೆಸ ಆದಾಗ 100 ಎರಡು ಕೊಂಬೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಅಕ್ಕಪಕ್ಕದ ಎರಡು ಉತ್ತರಗಳ ಸರಾಸರಿ ತೆಗೆದು ನೋಡಿ, ಎರಡು ಮತ್ತು ಮೂರು ಹೆಜ್ಜೆಯದೇ 7.85 ಬರುತ್ತದೆ.

ಸಂಖ್ಯಾಪ್ರೇಮಿ:
ಬಂತು ಸರ್. ಆಮೇಲೆ ಮೇಷ್ಟ್ರು ಹೇಳಿದ ಬ್ಯಾಶಲಿಯೆ ಸೂತ್ರಕ್ಕೂ ಇದೇ ಸಂಖ್ಯೆಗಳನ್ನು ಹಾಕಿದೆ. ಬೆಲೆಯ ಏರಿಳಿತ ವರ್ಷಕ್ಕೆ 20 ಅಂತ ತೆಗೆದುಕೊಂಡು ಎರಡು ಪೈಯ ವರ್ಗಮೂಲದಿಂದ ಭಾಗಿಸಿದೆ, ಅಷ್ಟೆ, ಒಂದೇ ಸಾಲು. 7.98 ಬಂತು.